ಗುಬ್ಬಿ ಕಟ್ಟಿದ ಪಟ್ಟಿ

ನನ್ನ ತಂಗಿಗೆ ಮನೆಯಲ್ಲಿ ಗುಬ್ಬಿ ಅಂತ ಹೆಸರು. ನನಗೆ ದೊಡ್ಡೋಳು ಅಂತ. ಅವಳದು ಮುದ್ದಿನ ಹೆಸರು, ನನ್ನದು ಹುದ್ದೆ. ನರ್ಸಿಂಗ್ ಕಾಲೇಜಿಗೆ ಮೊದಲು ಸೇರಿದವಳು ನಾನು. ಕಾಮಾಲೆ ಹಿಡಿದು ಒಂದು ವರ್ಷ ಮಣ್ಣುಪಾಲಾಯ್ತು. ಮತ್ತೆ ಹೋಗಿ ಕೂತರೆ ಪಕ್ಕದ ಬೆಂಚಿನಲ್ಲಿ ಇವಳು, ಗರಿಗರಿ ಯೂನಿಫಾರ್ಮಿನಲ್ಲಿ, ಕ್ಲಾಸಿಗೆಲ್ಲ ನನ್ನನ್ನು ತೋರಿಸಿ "ನಮ್ಮಕ್ಕ, ನಮ್ಮಕ್ಕ" ಅಂತಿದ್ದಾಳೆ. ಪ್ರೀತಿಯಿಂದಲೇ ಅಂದದ್ದು. ನನಗೆ ಆಗದೇ ಇದ್ದದ್ದೂ ಅದೇ. ಕೆಟ್ಟವಳಾಗಿದ್ದರೆ ಒಂದು ಸಲ ಜಡೆ ಹಿಡಿದು ಜಗಳ ಆಡಿ ಮುಗಿಸಬಹುದಿತ್ತು.

ಹೊಟ್ಟೆಕಿಚ್ಚು ಅಂತೀರಾ? ಹೂಂ, ಹೊಟ್ಟೆಕಿಚ್ಚೇ. ಮುಚ್ಚಿಡೋದಕ್ಕೇನಿದೆ. ಅವಳು ಇಂಜೆಕ್ಷನ್ ಕೊಟ್ಟರೆ ಪೇಷೆಂಟು ನಗ್ತಾನೆ, ನಾನು ಕೊಟ್ಟರೆ ಮುಖ ಕಿವುಚ್ತಾನೆ. ಅವಳು ಒಂದು ಲೋಟ ತೊಳೆದಿಟ್ಟರೆ ಅಪ್ಪ ಅದನ್ನ ಅಂಗಡಿಗೆ ಹೋಗಿ ಗಿರಾಕಿಗಳಿಗೆ ಹೇಳ್ತಾನೆ. ನಾನು ಪಾತ್ರೆ ರಾಶಿಯನ್ನೇ ತಿಕ್ಕಿ ಕವುಚಿಟ್ಟರೂ "ಗ್ಯಾಸ್ ಆಫ್ ಮಾಡಿದ್ಯಾ" ಅಂತ ಕೇಳ್ತಾನೆ.

ಅಪ್ಪನದು ಕಟಿಂಗ್ ಅಂಗಡಿ. ಎರಡು ಕುರ್ಚಿ, ಗೋಡೆ ಉದ್ದಕ್ಕೂ ಕನ್ನಡಿ, ಹಿಂದೊಂದು ಬಾಗಿಲು. ಗಿರಾಕಿ ಎದ್ದು ಹೋದ ಮೇಲೆ ಆ ಹಿಂದಿನ ಬಾಗಿಲಲ್ಲಿ ನಿಂತು ಒಂದು ಸಿಗರೇಟು. ನನಗೆ ಬುದ್ಧಿ ಬಂದಾಗಿನಿಂದ ಆ ಸಿಗರೇಟು ಆರಿದ್ದನ್ನ ನೋಡಿಲ್ಲ. ಕತ್ತರಿ ಮತ್ತು ಬಾಯಿ ಎರಡೂ ಒಟ್ಟಿಗೇ ನಡೀಬೇಕು ಅವನಿಗೆ. ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡ್ತಾಳೆ. ಅವಳಿಗೂ ದಿನವಿಡೀ ನಿಂತೇ ಕೆಲಸ, ಇವನಿಗೂ ನಿಂತೇ ಕೆಲಸ. ಮುಂದೆ ಆದ ಎಡವಟ್ಟಿಗೆ ಅರ್ಧ ಕಾರಣ ಇದೇ.

ಆ ತಿಂಗಳು ಕ್ಲಾಸಲ್ಲಿ ಕಾಲಿನ ರಕ್ತಸಂಚಾರದ ಪಾಠ ಶುರುವಾಯ್ತು. ನಮ್ಮ ಮೇಡಂ ಬೋರ್ಡಿನ ಮೇಲೆ ಎರಡು ಕಾಲು ಬರೆದರು. ಹೃದಯದಿಂದ ಕೆಳಕ್ಕೆ ರಕ್ತ ತರೋದು ಆರ್ಟರಿ, ಕೆಳಗಿನಿಂದ ವಾಪಸ್ ಮೇಲಕ್ಕೆ ಒಯ್ಯೋದು ವೇನ್. ಮೊದಲ ವಾರ ಪೂರ್ತಿ ವೇನ್ ಕೆಟ್ಟ ಕಾಲು. ಮೇಲೆ ಹೋಗಬೇಕಾದ ರಕ್ತ ಹೋಗದೆ ಕಾಲಲ್ಲೇ ನಿಲ್ಲುತ್ತೆ. ಸಂಜೆ ಹೊತ್ತಿಗೆ ಕಾಲು ಊದಿಕೊಳ್ಳುತ್ತೆ, ಭಾರ ಆಗುತ್ತೆ, ಹರಡಿನ, ಅಂದರೆ ಪಾದದ ಗಂಟಿನ ಸುತ್ತ ಚರ್ಮ ಕಂದುಬಣ್ಣಕ್ಕೆ ತಿರುಗುತ್ತೆ, ಒಳಮಗ್ಗುಲಲ್ಲಿ ನೀರು ಸೋರೋ ಹುಣ್ಣಾಗುತ್ತೆ. ಕಾಲು ಎತ್ತಿಟ್ಟರೆ ಹಾಯೆನಿಸುತ್ತೆ. ಎಲಾಸ್ಟಿಕ್ ಪಟ್ಟಿ ಬಿಗಿಯಾಗಿ ಕಟ್ಟಬೇಕು, ಬೆರಳ ಬುಡದಿಂದ ಮೊಣಕಾಲ ಕೆಳಗಿನ ತನಕ.

ಪಟ್ಟಿ ಕಟ್ಟೋದನ್ನ ಒಬ್ಬರ ಕಾಲಿಗೊಬ್ಬರು ಕಟ್ಟಿ ಕಲಿತೆವು. ಗುಬ್ಬಿ ಕಟ್ಟಿದ್ದನ್ನ ಮೇಡಂ ಎಲ್ಲರನ್ನೂ ಕರೆದು ತೋರಿಸಿದರು. ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಅಳತೆ ಹಿಡಿದ ಹಾಗೆ ಕೂತಿತ್ತು, ಎಲ್ಲೂ ಒಂದು ಸುಕ್ಕಿಲ್ಲ. ನಾನು ಕಟ್ಟಿದ್ದೂ ಚೆನ್ನಾಗೇ ಇತ್ತು. "ನಿಂದೂ ಪರವಾಗಿಲ್ಲ" ಅಂದರು. ಆ ಪರವಾಗಿಲ್ಲ ಅನ್ನೋ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ.

ಎರಡನೇ ವಾರ ಆರ್ಟರಿ ಕೆಟ್ಟ ಕಾಲಿನ ಪಾಠ. ಅವತ್ತು ಗುಬ್ಬಿ ಕ್ಲಾಸಲ್ಲಿರಲಿಲ್ಲ. ಕಾಲೇಜುಗಳ ನಡುವೆ ಪಟ್ಟಿ ಕಟ್ಟೋ ಸ್ಪರ್ಧೆ ಅಂತೆ, ಪ್ರಿನ್ಸಿಪಾಲರೇ ಕಾರಲ್ಲಿ ಕೂರಿಸಿಕೊಂಡು ಹೋಗಿದ್ದರು. ನಾನು ಒಳಗೊಳಗೇ ಕುದೀತಾ ಕೂತಿದ್ದೆ. ಆ ಉರಿಗೇ ಪಾಠವನ್ನ ಒಂದಕ್ಷರ ಬಿಡದೆ ಕೇಳಿದೆ. ಇವಳಿಗೆ ಗೊತ್ತಿಲ್ಲದ್ದು ಒಂದಾದರೂ ನನಗೆ ಗೊತ್ತಿರಲಿ ಅಂತ. ಈ ಕಾಲಿಗೆ ರಕ್ತ ಕೆಳಗೇ ಇಳಿಯೋದಿಲ್ಲ, ಸಿಗರೇಟು ಸೇದೋರಿಗೇ ಇದು ಹೆಚ್ಚು. ಮುಟ್ಟಿದರೆ ತಣ್ಣಗಿರುತ್ತೆ, ಕೂದಲು ಉದುರಿರುತ್ತೆ, ನಾಲ್ಕು ಹೆಜ್ಜೆ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತೆ, ನಿಂತರೆ ಬಿಡುತ್ತೆ. ಹುಣ್ಣಾದರೆ ಬೆರಳ ತುದಿಯಲ್ಲಿ, ಒಣಗಿದ ಹುಣ್ಣು, ಜೀವ ಹೋಗೋ ನೋವು. ಇದನ್ನ ಎತ್ತಿಟ್ಟರೆ ನೋವು ಜಾಸ್ತಿ, ಇಳಿಬಿಟ್ಟರೆ ಕಮ್ಮಿ. ಮೇಡಂ ಚಾಕ್ ಕೆಳಗಿಟ್ಟು ಹೇಳಿದರು: "ಈ ಕಾಲಿಗೆ ಪಟ್ಟಿ ಬಿಗಿದರೆ ಬರ್ತಾ ಇರೋ ಎರಡು ತೊಟ್ಟು ರಕ್ತಾನೂ ನಿಲ್ಲಿಸಿದ ಹಾಗೆ. ಬೆರಳು ಕಪ್ಪಾಗುತ್ತೆ, ಆಮೇಲೆ ಕತ್ತರಿಸಬೇಕಾಗುತ್ತೆ. ಪಾದದ ಮೇಲೆ ನಾಡಿ ನೋಡದೆ ಪಟ್ಟಿಗೆ ಕೈ ಹಾಕೋಳು ನನ್ನ ಕ್ಲಾಸಿಗೆ ಬರೋದೇ ಬೇಡ."

ಸಂಜೆ ಗುಬ್ಬಿ ಕೊರಳಿಗೆ ಪದಕ ಹಾಕಿಕೊಂಡು ಬಂದಳು. ಮೊದಲನೇ ಬಹುಮಾನ. ಪಾಠ ಆಯ್ತು ಕಣೇ ಅಂದೆ. "ಆಮೇಲೆ ಓದ್ಕೋತೀನಿ ಅಕ್ಕ" ಅಂದಳು. ಅಪ್ಪ ಆ ಪದಕವನ್ನ ತೆಗೆದುಕೊಂಡು ಹೋಗಿ ಅಂಗಡಿಯ ಕನ್ನಡಿಗೆ ನೇತುಹಾಕಿದ. ಗಡ್ಡ ತೆಗೆಸೋಕೆ ಬಂದವರೆಲ್ಲ ಅದನ್ನ ನೋಡಿಕೊಂಡೇ ಗಲ್ಲ ಒಡ್ಡಬೇಕು.

ಅಮ್ಮನ ಕಾಲಿಗೆ ಆಗಲೇ ನಾನು ಪಟ್ಟಿ ಕಟ್ಟುತ್ತಿದ್ದೆ. ಅವಳದು ಸಾಕ್ಷಾತ್ ಮೇಡಂ ಹೇಳಿದ ಮೊದಲನೇ ಕಾಲು. ಹಗ್ಗದ ಹಾಗೆ ಉಬ್ಬಿದ ನರ, ಕಂದು ಚರ್ಮ, ಹರಡಿನ ಒಳಗಡೆ ಹುಣ್ಣು. ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ನಾಡಿ ಸರಿಯಾಗಿದೆ, ಮನೆಯಲ್ಲೇ ಕಟ್ಟಿ ಅಂದಿದ್ದರು. ನಾನು ಕಟ್ಟಿದೆ. ಹುಣ್ಣು ಚಿಕ್ಕದಾಗ್ತಾ ಬಂತು. ಅಮ್ಮ ಲಾಂಡ್ರಿಯವರ ಹತ್ತಿರ "ನನ್ನ ದೊಡ್ಡೋಳ ಕೈಗುಣ" ಅಂದಳಂತೆ. ಕೇಳಿ ಎರಡು ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅಪ್ಪನಿಗೆ ಅದನ್ನ ತಡಕೊಳ್ಳೋಕೆ ಆಗಲಿಲ್ಲ. ನನ್ನ ಹೊಟ್ಟೆಕಿಚ್ಚೇನು ಆಕಾಶದಿಂದ ಉದುರಿದ್ದಲ್ಲ, ಬೇರು ಅಲ್ಲೇ ಇದೆ.

"ನಿನಗೊಬ್ಬಳು ನರ್ಸಿದ್ದರೆ ನನಗೊಬ್ಬಳಿಲ್ವಾ" ಅಂತ ಎಡಗಾಲು ಮುಂದೆ ಚಾಚಿ ಕೂತ. "ಬಾರೋ ಗುಬ್ಬಿ, ನಂದೂ ಊದಿದೆ ನೋಡು. ಪದಕ ಗೆದ್ದ ಕೈ, ಅಪ್ಪನಿಗೂ ಒಂದು ಕಟ್ಟು."

ಪಾದ ಊದಿತ್ತು, ಕೆಂಪಗೂ ಇತ್ತು. ಹೆಬ್ಬೆರಳ ತುದಿಯಲ್ಲಿ ಸಣ್ಣ ಗಾಯ. ಉಗುರು ಕತ್ತರಿಸುವಾಗ ಆಗಿದ್ದು ಅಂದ. ಊತ, ಕೆಂಪು, ದಿನವಿಡೀ ನಿಲ್ಲೋ ಕೆಲಸ, ಪಕ್ಕದಲ್ಲೇ ಅಮ್ಮನ ಕಾಲಿನ ಉದಾಹರಣೆ. ಗುಬ್ಬಿ ಪಟ್ಟಿ ತಂದು ಕಟ್ಟಿಯೇಬಿಟ್ಟಳು. ಮಲಗುವಾಗ ಬಿಚ್ಚಿ, ಕಾಲ ಕೆಳಗೆ ಎರಡು ದಿಂಬು ಇಟ್ಟಳು. ದಿನಾ ಬೆಳಿಗ್ಗೆ ಕಟ್ಟೋದು, ರಾತ್ರಿ ಬಿಚ್ಚೋದು, ದಿಂಬು ಇಡೋದು. "ಆಹಾ, ಏನು ಹಾಯಾಗಿದೆ" ಅಂತ ಅಪ್ಪ ಅಮ್ಮನಿಗೆ ಕೇಳೋ ಹಾಗೆ ಹೇಳೋದು. ಪ್ಯಾಂಟು ಮಡಿಚಿ ಗಿರಾಕಿಗಳಿಗೆ ತೋರಿಸೋದು ಬೇರೆ. ನಾನು ಆ ಕಾಲಿನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದರೆ ಪಟ್ಟಿ ಎಷ್ಟು ಚಂದ ಕೂತಿದೆ ಅಂತ ನೋಡಬೇಕಾಗ್ತಿತ್ತು.

ಒಂದು ಸಂಜೆ ಅಂಗಡಿಯಿಂದ ಅಪ್ಪನ ಜೊತೆ ನಡೆದುಕೊಂಡು ಬರ್ತಾ ಇದ್ದೆ. ಕನ್ನಡಕದ ಅಂಗಡಿ ಮುಂದೆ ನಿಂತ. ಗಾಜಿನೊಳಗೆ ಇಣುಕಿ ನೋಡಿದ. ಮತ್ತೆ ಹೊರಟು, ಸ್ವಲ್ಪ ದೂರದಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಮುಂದೆ ನಿಂತ. ಆಮೇಲೆ ಮಕ್ಕಳ ಆಟದ ಸಾಮಾನಿನ ಅಂಗಡಿ. ನನ್ನಪ್ಪ ಜೀವಮಾನದಲ್ಲಿ ಒಂದು ಚಮಚವನ್ನೂ ಆರಿಸಿ ತಂದವನಲ್ಲ. "ಏನಪ್ಪಾ, ಯಾರಿಗೆ ಈ ಬೊಂಬೆ?" ಅಂತ ರೇಗಿಸಿದೆ. "ನೋಡಬಾರದಾ? ನೋಡೋದಕ್ಕೂ ನಿನ್ನ ಅಪ್ಪಣೆ ಬೇಕಾ?" ಅಂದ. ಕೈ ಮಾತ್ರ ಮೀನಖಂಡವನ್ನ ತಿಕ್ಕುತ್ತಿತ್ತು. ನಾನು ನಗ್ತಾ ಇದ್ದವಳು ನಿಲ್ಲಿಸಿದೆ.

ಮಾರನೇ ಬೆಳಿಗ್ಗೆ ನನಗೆ ವಾರ್ಡ್ ಡ್ಯೂಟಿ, ಬೇಗ ಎದ್ದೆ. ಅಡುಗೆಮನೆಯಲ್ಲಿ ಅಪ್ಪ ಕುರ್ಚಿಯಲ್ಲಿ ಕೂತೇ ನಿದ್ದೆ ಹೋಗಿದ್ದ. ಎಡಗಾಲು ನೆಲಕ್ಕೆ ಇಳಿಬಿಟ್ಟಿದ್ದ. ಪಾದ ಇಟ್ಟಿಗೆ ಬಣ್ಣಕ್ಕೆ ಕೆಂಪಾಗಿತ್ತು. ಮುಟ್ಟಿದೆ. ಕೊಳಾಯಿ ಮುಟ್ಟಿದ ಹಾಗೆ ತಣ್ಣಗೆ.

ಅಪ್ಪ ಬೆಚ್ಚಿ ಎದ್ದ. "ಹಾಸಿಗೆಯಲ್ಲಿ ನಿದ್ದೆ ಬರಲ್ಲ ಕಣೇ. ದಿಂಬಿನ ಮೇಲೆ ಇಟ್ಟರೆ ಬೆರಳು ಕಿತ್ತು ಬರುತ್ತೆ. ಹೀಗೆ ಕೂತರೆ ಒಂಚೂರು ವಾಸಿ. ಪಟ್ಟಿ ಕಟ್ಟೋಕೆ ಮುಂಚಿನಿಂದಲೂ ಇಲ್ಲೇ ಮಲಗ್ತಾ ಇದೀನಿ." ದನಿ ತಗ್ಗಿಸಿದ. "ಗುಬ್ಬಿಗೆ ಹೇಳಬೇಡ. ಪಾಪ, ಅಷ್ಟು ಆಸೆಯಿಂದ ಕಟ್ತಾಳೆ. ಬೇಜಾರು ಮಾಡ್ಕೋತಾಳೆ."

ಆ ಕ್ಷಣ ನನ್ನೊಳಗೆ ಏನಾಯ್ತು ಅಂತ ನೆಟ್ಟಗೆ ಹೇಳಿಬಿಡ್ತೀನಿ. ಮೊದಲು ಬಂದದ್ದು ಹೆದರಿಕೆ ಅಲ್ಲ. ಅವಳು ಕೊಟ್ಟ ನೋವನ್ನ ಹಲ್ಲು ಕಚ್ಚಿ ನುಂಗಿಕೊಂಡಿದ್ದಾನಲ್ಲ ಅನ್ನೋ ಉರಿ ಬಂತು. ನಾನು ಕಟ್ಟಿದ್ದರೆ ಮೊದಲನೇ ದಿನವೇ ಬಿಚ್ಚಿ ಮುಖದ ಮೇಲೆ ಎಸೀತಿದ್ದ. ನನಗೋಸ್ಕರ ಈ ಮನುಷ್ಯ ಒಂದು ಸೊಳ್ಳೆ ಕಚ್ಚಿಸಿಕೊಂಡವನಲ್ಲ. ಹೆದರಿಕೆ ಆಮೇಲೆ ಬಂತು, ಬಂದದ್ದು ಜೋರಾಗೇ ಬಂತು.

ಅವನ ಕಾಲನ್ನ ನನ್ನ ಭುಜದ ಎತ್ತರಕ್ಕೆ ಎತ್ತಿ ಹಿಡಿದೆ. ನೋಡ್ತಾ ನೋಡ್ತಾ ಆ ಕೆಂಪೆಲ್ಲ ಇಳಿದು ಪಾದ ಸುಣ್ಣದ ಹಾಗೆ ಬಿಳುಚಿಕೊಂಡಿತು. ಇಳಿಬಿಟ್ಟೆ, ನಿಧಾನಕ್ಕೆ ಮತ್ತೆ ಇಟ್ಟಿಗೆ ಬಣ್ಣ. ಅದು ಮೈತುಂಬಿದ ರಕ್ತದ ಕೆಂಪಲ್ಲ, ಬರೀ ಇಳಿಜಾರಿಗೆ ಬಂದು ನಿಂತ ರಕ್ತ. ಹಗಲೂ ರಾತ್ರಿ ಇಳಿಬಿಟ್ಟಿದ್ದಕ್ಕೇ ಆ ಊತವೂ. ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದೆ. ಬಲಗಾಲಲ್ಲಿ ಸಿಕ್ಕಿತು. ಎಡಗಾಲಲ್ಲಿ ಎಷ್ಟು ಹುಡುಕಿದರೂ ಇಲ್ಲ. ಹೆಬ್ಬೆರಳ ಗಾಯದ ಅಂಚು ಕಪ್ಪಗಾಗ್ತಾ ಇತ್ತು.

"ಅಪ್ಪಾ, ಇವತ್ತೇ ಆಸ್ಪತ್ರೆಗೆ ನಡಿ. ಈ ಪಟ್ಟಿ ಕಟ್ಟಲೇಬಾರದು. ಗುಬ್ಬಿ ತಪ್ಪು ಮಾಡಿದಾಳೆ. ಬೆರಳು ಹೋಗುತ್ತೆ."

ಅಪ್ಪ ನಕ್ಕ. "ಶುರುವಾಯ್ತಾ?"

ಅಮ್ಮನೂ ಎದ್ದು ಬಂದಳು. ಅವಳಾದರೂ ನನ್ನ ಕಡೆ ಅಂದುಕೊಂಡೆ. "ಅವಳು ಏನು ಮಾಡಿದರೂ ನಿನಗೆ ಕಣ್ಣುರಿ" ಅಂದಳು. "ಹೋದ ತಿಂಗಳು ಬೀಪಿ ತಪ್ಪು ನೋಡಿದಾಳೆ ಅಂತ ಮನೆಯೆಲ್ಲ ಕೂಗಾಡಿದೆ. ಕೊನೆಗೆ ಯಾರದು ಸರಿ ಇತ್ತು?"

ಅವಳದೇ ಸರಿ ಇತ್ತು. ಹೊಟ್ಟೆಕಿಚ್ಚು ಇರೋದು ನಿಜ, ಕಾಲಲ್ಲಿ ನಾಡಿ ಇಲ್ಲದಿರೋದೂ ನಿಜ. ಒಂದು ನಿಜ ಇನ್ನೊಂದರ ಬಾಯಿಗೆ ಬಟ್ಟೆ ತುರುಕಿತ್ತು. ಎಷ್ಟು ಜೋರಾಗಿ ಹೇಳಿದರೆ ಅಷ್ಟು ನನ್ನ ಹೊಟ್ಟೆಕಿಚ್ಚೇ ಕಾಣ್ತಿತ್ತು. ಅಷ್ಟರಲ್ಲಿ ಗುಬ್ಬಿ ಕಣ್ಣುಜ್ಜಿಕೊಂಡು, ಪಟ್ಟಿಯ ಸುರುಳಿ ಹಿಡಿದುಕೊಂಡು ಬಂದಳು. ಅಪ್ಪ ಕಾಲು ಚಾಚಿದ. ನಾನು ಆ ಸುರುಳಿ ಕಿತ್ತುಕೊಂಡು ಅವಳ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದೆ. "ಹೊಡೀಬೇಡವೇ ಅವಳಿಗೆ" ಅಂತ ಅಪ್ಪ ಹಿಂದಿನಿಂದ ಕೂಗಿದ.

ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕೂರಿಸಿ ಅವಳ ಪಾದದ ಮೇಲೇ ಅವಳ ಬೆರಳಿಡಿಸಿದೆ. "ಸಿಗ್ತಾ? ಅಪ್ಪನ ಕಾಲಲ್ಲಿ ಇದನ್ನ ನೋಡಿದ್ಯಾ?" ಅಂದೆ. ಇಲ್ಲ ಅಂತ ತಲೆಯಾಡಿಸಿದಳು. ಕುರ್ಚಿಯ ನಿದ್ದೆ, ಮೀನಖಂಡ, ಬೊಂಬೆ ಅಂಗಡಿ, ಬಿಳುಚಿಕೊಂಡ ಪಾದ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಪಾಠ ತಪ್ಪಿಸಿಕೊಂಡಿದ್ದರೂ ದಡ್ಡಿಯಲ್ಲ ಅವಳು. ನನ್ನ ಕೈಲಿದ್ದ ಸುರುಳಿಯನ್ನ ನೋಡಿದಳು.

"ನಾನೇ ಮಾಡಿದ್ನಾ ಅಕ್ಕ?"

"ರಕ್ತ ನಿಲ್ಲಿಸಿದ್ದು ಸಿಗರೇಟು. ಉಳಿದದ್ದನ್ನ ನೀನು ಕಟ್ಟಿ ಬಿಗಿದೆ. ಅಳಬೇಡ, ಅಳೋದಕ್ಕೆ ಟೈಮಿಲ್ಲ. ಈಗ ಒಳಗೆ ಹೋಗಿ, ನೀನೇ ಕಂಡುಹಿಡಿದ ಹಾಗೆ ಹೇಳು. ಅಪ್ಪಾ, ನಾಡಿ ನೋಡಿದೆ, ಸಿಗ್ತಾ ಇಲ್ಲ, ನಡಿ ಆಸ್ಪತ್ರೆಗೆ ಅನ್ನು. ನನ್ನ ಹೆಸರೆತ್ತಿದರೆ ನಾನು ನಿನ್ನ ಕೈ ತಿರುಚಿ ಹೇಳಿಸಿದೆ ಅಂದುಕೊಳ್ತಾನೆ. ಕಾಲು ಅಲ್ಲಾಡಿಸಲ್ಲ."

ಅವಳು ನನ್ನ ಮುಖ ನೋಡಿದಳು. "ನೀನು ಕಂಡುಹಿಡಿದದ್ದು ಅಕ್ಕ."

"ಗೊತ್ತು. ಹೋಗು."

ಹೋದಳು. ಪಾದದ ಮೇಲೆ ಬೆರಳಿಟ್ಟಳು, ಹೇಳಿದಳು. ನನ್ನ ಮಾತಿಗೆ ನಕ್ಕ ಅಪ್ಪ ಅವಳ ಮಾತಿಗೆ ಅಂಗಿ ಹಾಕಿಕೊಂಡ. ಇಷ್ಟೇ ಕೆಲಸ ಅದು. ನನ್ನ ಕೈಯಲ್ಲಿ ಆಗದೇ ಇದ್ದ ಕೆಲಸ.

ಆಸ್ಪತ್ರೆಯಲ್ಲಿ ಹರಡಿಗೆ ಬೀಪಿ ಪಟ್ಟಿ ಸುತ್ತಿ, ಪೆನ್ನಿನಂಥ ಒಂದು ಯಂತ್ರ ಇಟ್ಟು ಕೇಳಿದರು. ಬಲಗಾಲಲ್ಲಿ ರಕ್ತ ಹರಿಯೋ ಸದ್ದು ಬುಸ್ ಬುಸ್ ಅಂತ ಬಂತು. ಎಡಗಾಲಲ್ಲಿ ಯಾರೋ ಗೋಡೆಯಾಚೆ ಉಸಿರಾಡಿದ ಹಾಗೆ. ತೊಡೆಯ ಆರ್ಟರಿ ಮುಚ್ಚಿಕೊಂಡಿತ್ತು. ಸಣ್ಣ ಬಲೂನು ಹಾಕಿ ತೆರೆದರು. ಡಾಕ್ಟರು ಹೊರಗೆ ಬಂದು, ಇನ್ನೊಂದು ವಾರ ಪಟ್ಟಿ ಕಟ್ಟಿದ್ದರೆ ಬೆರಳು ಬಿಡಿ, ಪಾದವೇ ಕಷ್ಟ ಇತ್ತು ಅಂದರು. "ಟೈಮಿಗೆ ನೋಡಿದವರು ಯಾರು?" ಅಂತ ಕೇಳಿದರು. ಅಮ್ಮ ಗುಬ್ಬಿಯ ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ತಳ್ಳಿದಳು.

ಆಮೇಲೆ ಕೇಳಬೇಕೇ. ಕಟಿಂಗ್ ಅಂಗಡಿಯ ಗಿರಾಕಿಗಳೆಲ್ಲ ನೋಡೋಕೆ ಬಂದರು, ಅಪ್ಪ ಮಂಚದ ಮೇಲೆ ಕೂತು ಎಲ್ಲರಿಗೂ ಅದೇ ಕಥೆ. "ನನ್ನ ಗುಬ್ಬಿ ಕಾಲು ಉಳಿಸಿದಳು." ಪಟ್ಟಿ ಕಟ್ಟಿದ್ದು ಯಾರು ಅನ್ನೋದು ಆ ಕಥೆಯಲ್ಲಿ ಬರ್ತಾನೇ ಇರಲಿಲ್ಲ. ಕಾಲೇಜಲ್ಲಿ ಮೇಡಂ ಅವಳನ್ನ ಬೋರ್ಡಿನ ಹತ್ತಿರ ಕರೆದು, ಅಮ್ಮನ ಕಾಲು, ಅಪ್ಪನ ಕಾಲು ಎರಡನ್ನೂ ಪಕ್ಕಪಕ್ಕ ಬರೆಸಿ ಪಾಠ ಹೇಳಿಸಿದರು. ಚೆನ್ನಾಗಿ ಹೇಳಿದಳು, ನನ್ನ ಕಡೆ ಮಾತ್ರ ನೋಡಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಕೈ ಉರಿಯೋ ಹಾಗೆ.

ಕಾಲೇಜಿಂದ ಆಸ್ಪತ್ರೆಗೆ ಹೋಗೋ ಬಸ್ಸಲ್ಲಿ ಅವಳು ನನ್ನ ಕೈ ಹಿಡಿದುಕೊಂಡಳು. "ನನ್ನಿಂದ ಆಗ್ತಾ ಇಲ್ಲ ಅಕ್ಕ. ಅನ್ನ ಇಳೀತಾ ಇಲ್ಲ. ಇವತ್ತು ಅಪ್ಪನಿಗೆ ನಿಜ ಹೇಳಿಬಿಡ್ತೀನಿ."

"ಸುಮ್ನಿರು."

"ಯಾಕೆ?"

ಯಾಕೆ ಅಂತ ಅವಳಿಗೆ ಹೇಳಲಿಲ್ಲ, ನಿಮಗೆ ಹೇಳ್ತೀನಿ. ಕಾಲು ಉಳಿಸಿದ ಹೆಸರು ಅವಳ ಪಾಲಿಗೆ ಹೋಯ್ತು, ಹೋಗಲಿ. ಈಗ ನಿಜ ಹೇಳಿದ ದೊಡ್ಡ ಗುಣದ ಹೆಸರೂ ಅವಳಿಗೇ ಬೇಕಾ? ಒಂದನ್ನಾದರೂ ಬಿಟ್ಟಿರಬಾರದಾ? ಆದರೂ ಬಸ್ಸು ಮುಂದೆ ಹೋಗ್ತಾ ಹೋಗ್ತಾ ಮನಸ್ಸು ತಾನಾಗೇ ಸಿಂಗಾರ ಮಾಡಿಕೊಳ್ಳೋಕೆ ಶುರುಮಾಡಿತು. ಅವಳು ಹೇಳ್ತಾಳೆ, ಅಪ್ಪ ದಿಂಬಿನಿಂದ ಎದ್ದು ಕೂರ್ತಾನೆ, ಆಮೇಲೆ ನನ್ನ ಕಡೆ ತಿರುಗ್ತಾನೆ. ಅವನ ಮುಖ ಹೇಗಿರುತ್ತೆ ಅಂತ ಎಷ್ಟು ಥರ ಊಹಿಸಿಕೊಂಡೆನೋ. ಬೇಡ ಅಂದವಳು ನಾನೇ, ಬಸ್ಸು ಇಷ್ಟು ನಿಧಾನ ಯಾಕೆ ಅಂತ ಡ್ರೈವರನ್ನ ಬೈಕೊಂಡವಳೂ ನಾನೇ.

ವಾರ್ಡಲ್ಲಿ ಅಮ್ಮ ಸ್ಟೂಲಿನ ಮೇಲೆ ಕೂತು, ಪಟ್ಟಿ ಕಟ್ಟಿದ ತನ್ನ ಕಾಲನ್ನ ಇನ್ನೊಂದು ಸ್ಟೂಲಿನ ಮೇಲೆ ಚಾಚಿದ್ದಳು. ನಾನು ಅಪ್ಪನ ಕಾಲ ಹತ್ತಿರ ನಿಂತು, ಹೊದಿಕೆ ಸರಿಸಿ, ನಾಡಿ ನೋಡೋಕೆ ಪಾದಕ್ಕೆ ಬೆರಳಿಟ್ಟೆ. ಗುಬ್ಬಿ ತಲೆದಿಂಬಿನ ಹತ್ತಿರ ನಿಂತಳು.

"ಅಪ್ಪಾ, ಕಂಡುಹಿಡಿದದ್ದು ನಾನಲ್ಲ. ಅಕ್ಕ. ನಾನು ನಾಡಿ ನೋಡದೇ ಪಟ್ಟಿ ಕಟ್ಟಿದೆ. ಅಕ್ಕ ಬೈದು ಹೇಳಿಕೊಟ್ಟಳು, ಅದನ್ನೇ ನಾನು ನಿನಗೆ ಹೇಳಿದೆ." ಅಷ್ಟು ಹೇಳಿ ಅತ್ತುಬಿಟ್ಟಳು.

ಅಪ್ಪ ದಿಂಬಿನಿಂದ ಎದ್ದು ಕೂತ. ನಾನು ಬಸ್ಸಲ್ಲಿ ಊಹಿಸಿಕೊಂಡ ಹಾಗೇ. ಆಮೇಲೆ ಅಮ್ಮನ ಕಡೆ ತಿರುಗಿದ. ಅವನ ಕಣ್ಣು ಒದ್ದೆಯಾಗಿತ್ತು.

"ನೋಡಿದ್ಯಾ ಇವಳ ಮನಸ್ಸು?" ಅಂದ. "ಅಕ್ಕ ಮುಖ ಸಪ್ಪಗೆ ಮಾಡ್ಕೊಂಡಿದಾಳೆ ಅಂತ ತನ್ನ ಹೆಸರನ್ನೇ ಅವಳಿಗೆ ಬಿಟ್ಟುಕೊಡ್ತಾ ಇದಾಳೆ. ಯಾರಿಗೆ ಬರುತ್ತೆ ಈ ಬುದ್ಧಿ?"

"ಅಲ್ಲಪ್ಪಾ, ನಿಜವಾಗಲೂ ಅಕ್ಕನೇ..."

"ಗೊತ್ತು ಬಿಡು ಪುಟ್ಟಾ." ಅವಳ ತಲೆಯನ್ನ ಎದೆಗೆ ಒತ್ತಿಕೊಂಡು ನನ್ನ ಕಡೆ ನೋಡಿದ. ಕೋಪ ಇರಲಿಲ್ಲ, ಮಗಳಿಗೆ ಒಳ್ಳೇ ಮಾತು ಹೇಳೋ ಮುಖ. "ದೊಡ್ಡೋಳೇ, ತಂಗಿಯಿಂದ ಇಂಥದ್ದನ್ನ ಸ್ವಲ್ಪ ಕಲಿ."

ಅಮ್ಮ ಮಾತ್ರ ನನ್ನನ್ನೇ ನೋಡ್ತಾ ಇದ್ದಳು, ಏನೋ ಅರ್ಥವಾದ ಹಾಗೆ. ನಾನೇ ಕಂಡುಹಿಡಿದದ್ದು ಅನ್ನಬಹುದಿತ್ತು. ಹೇಳಿದರೆ ಅದೇ ಹಳೇ ಹೊಟ್ಟೆಕಿಚ್ಚು. ನಾಡಿ ಎಣಿಸೋಕೆ ಶುರುಮಾಡಿದೆ.

ಬೆರಳ ಕೆಳಗೆ ಅಪ್ಪನ ಪಾದ ಬೆಚ್ಚಗಿತ್ತು. ನಾಡಿ ಚೆನ್ನಾಗಿ, ಒಂದೇ ಸಮ ಬಡೀತಾ ಇತ್ತು. ಅಷ್ಟು ಸಂತೋಷ ನನಗೆ ಯಾವತ್ತೂ ಆಗಿಲ್ಲ, ಅಷ್ಟು ಹೊಟ್ಟೆ ಉರಿದದ್ದೂ ಇಲ್ಲ. ಎರಡೂ ಒಂದೇ ಸಲ ಆಗುತ್ತೆ ಅಂತ ಯಾವ ಮೇಡಮ್ಮೂ ಹೇಳಿರಲಿಲ್ಲ.

"ಇದೆಯೇನೇ ನಾಡಿ?" ಅಂದ ಅಪ್ಪ.

"ಇದೆ. ಚೆನ್ನಾಗಿದೆ."

"ಹಂಗಾ?" ಅಂದು, ಗುಬ್ಬಿಯ ಕಣ್ಣೊರೆಸಿದ. "ನೀನೂ ಒಂದ್ಸಲ ನೋಡಿಬಿಡು ಮರೀ. ನನಗೆ ಧೈರ್ಯ."